ಮಾತಿನಿಂದ ಟಿಪ್ಪಣಿಗೆ: ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷಕರ ಇಂಗ್ಲಿಷ್ ಮತ್ತು ಒಇಟಿ ಪರೀಕ್ಷೆಯ ಒಂದು ತೆರಪು

ಸಾರಾಂಶ: ಆರೋಗ್ಯವೃತ್ತಿಯವರ ಇಂಗ್ಲಿಷನ್ನು ಅಳೆಯುವ ಆಕ್ಯುಪೇಷನಲ್ ಇಂಗ್ಲಿಷ್ ಟೆಸ್ಟ್, ಅಂದರೆ ಒಇಟಿ, ವೃತ್ತಿಯ ಸಂದರ್ಭಕ್ಕೆ ಹತ್ತಿರವಾದ ಪರೀಕ್ಷೆಯೆಂದು ಪ್ರಸಿದ್ಧವಾಗಿದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕರು ನಡೆಸುವ ರೋಗಿಪರಿಶೀಲನೆಯನ್ನು ಮಾದರಿಯಾಗಿ ಇರಿಸಿಕೊಂಡು ಪ್ರಸ್ತುತ ಲೇಖನವು ಆ ಖ್ಯಾತಿಯನ್ನು ಪರಾಮರ್ಶಿಸುತ್ತದೆ. ರೋಗಿಯ ಮಾತನ್ನು ಕೇಳಿ, ಮರುನಿರೂಪಿಸಿ, ವೃತ್ತಿಭಾಷೆಯ ಟಿಪ್ಪಣಿಯಾಗಿಸುವುದು ಅಖಂಡವಾದ ಒಂದೇ ಭಾಷಾಕ್ರಿಯೆ. ಒಇಟಿ ಅದನ್ನು ಮೂರು ಉಪಪರೀಕ್ಷೆಗಳಲ್ಲಿ ಹಂಚಿಬಿಡುತ್ತದೆ. ಈ ಹಂಚಿಕೆಯಲ್ಲಿ ಮರುನಿರೂಪಣೆಯ ನಿಷ್ಠೆ ಅಳತೆಗೆ ಸಿಗದೆ ಉಳಿಯುತ್ತದೆ ಎಂಬುದು ಇಲ್ಲಿನ ವಾದ. ಕರ್ನಾಟಕದ ದ್ವಿಭಾಷಿಕ ಶುಶ್ರೂಷಕರು ನಿತ್ಯವೂ ಮೆರೆಯುವ ಒಂದು ಕೌಶಲ ಇದರಿಂದ ಗಣನೆಗೆ ಬರುವುದಿಲ್ಲ ಎಂಬುದನ್ನೂ ಲೇಖನವು ತೋರಿಸುತ್ತದೆ.

ಪ್ರಮುಖ ಪದಗಳು: ನಿರ್ದಿಷ್ಟೋದ್ದೇಶದ ಇಂಗ್ಲಿಷ್, ನಿರ್ವಹಣಾ ಪರೀಕ್ಷೆ, ಟ್ರಯಾಜ್, ಮರುನಿರೂಪಣೆ, ಸಿಂಧುತ್ವ

1. ಪೀಠಿಕೆ

ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ರೋಗಿಯೊಡನೆ ಮೊದಲು ಮಾತನಾಡುವವರು ಸಾಮಾನ್ಯವಾಗಿ ವೈದ್ಯರಲ್ಲ, ಟ್ರಯಾಜ್ ಶುಶ್ರೂಷಕರು. ಯಾರನ್ನು ಈಗಲೇ ನೋಡಬೇಕು, ಯಾರು ಕಾಯಬಹುದು ಎಂಬ ನಿರ್ಧಾರ ಅವರದು. ಆಸ್ಟ್ರೇಲೇಷಿಯನ್ ಟ್ರಯಾಜ್ ಸ್ಕೇಲ್‌ನಲ್ಲಿ ಐದು ವರ್ಗಗಳಿವೆ. ಮೊದಲ ವರ್ಗದವರಿಗೆ ತಕ್ಷಣ ಚಿಕಿತ್ಸೆ ದೊರೆಯಬೇಕು; ಉಳಿದ ನಾಲ್ಕು ವರ್ಗಗಳಿಗೆ ಕ್ರಮವಾಗಿ 10, 30, 60 ಮತ್ತು 120 ನಿಮಿಷಗಳ ಗಡುವು ಇದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅನೇಕ ದೇಶಗಳಿಗೆ ಹರಡಿದ ಮ್ಯಾಂಚೆಸ್ಟರ್ ಪದ್ಧತಿಯಲ್ಲಿಯೂ ಐದೇ ವರ್ಗಗಳು. ಅಲ್ಲಿನ ಗಡುವು 10, 60, 120, 240 ನಿಮಿಷಗಳೆಂದು ಹಿಗ್ಗುತ್ತದೆ. ಆಸ್ಟ್ರೇಲಿಯಾದ ಮಾರ್ಗಸೂಚಿಯ ಪ್ರಕಾರ ಈ ಪರಿಶೀಲನೆ ಎರಡರಿಂದ ಐದು ನಿಮಿಷಗಳಲ್ಲಿ ಮುಗಿಯಬೇಕು. ನಾಡಿ, ರಕ್ತದೊತ್ತಡ, ಉಸಿರಾಟದ ಗತಿಗಳನ್ನು ಯಂತ್ರಗಳು ತಿಳಿಸಿಯಾವು. ಆದರೆ ನೋವು ಯಾವಾಗ ಆರಂಭವಾಯಿತು, ಹೇಗಿತ್ತು, ಈಗಲೂ ಇದೆಯೇ ಎಂಬುದು ಮಾತಿನಿಂದಲೇ ತಿಳಿಯಬೇಕು. ಆದ್ದರಿಂದ ಟ್ರಯಾಜ್ ವೈದ್ಯಕೀಯ ಘಟನೆಯಾಗಿರುವಷ್ಟೇ ಭಾಷಿಕ ಘಟನೆಯೂ ಹೌದು.

ಕರ್ನಾಟಕದಲ್ಲಿ ಶಿಕ್ಷಣ ಪಡೆದ ಶುಶ್ರೂಷಕರು ಇಂತಹ ವಿಭಾಗಗಳಲ್ಲಿ ಕೆಲಸ ಮಾಡಲು ಬಯಸಿದರೆ ಭಾಷಾಪರೀಕ್ಷೆಯೊಂದನ್ನು ದಾಟಬೇಕಾಗುತ್ತದೆ. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ 2017ರಿಂದ ಐಇಎಲ್‌ಟಿಎಸ್ ಜೊತೆಗೆ ಒಇಟಿಯನ್ನೂ ಮಾನ್ಯ ಮಾಡಿದೆ. ಆಸ್ಟ್ರೇಲಿಯಾ ಹಾಗೂ ಐರ್ಲೆಂಡ್‌ಗಳ ನೋಂದಣಿ ಮಂಡಳಿಗಳೂ ಅದನ್ನು ಸ್ವೀಕರಿಸುತ್ತವೆ. ಸಾಮಾನ್ಯ ಇಂಗ್ಲಿಷಿನ ಪರೀಕ್ಷೆಗಿಂತ ಇದು ತಮ್ಮ ವೃತ್ತಿಗೆ ಹತ್ತಿರ ಎಂಬ ನಂಬಿಕೆಯಿಂದಲೇ ಅನೇಕರು ಒಇಟಿಯನ್ನು ಆರಿಸಿಕೊಳ್ಳುತ್ತಾರೆ. ಬೆಂಗಳೂರು, ಮಂಗಳೂರುಗಳಲ್ಲಿ ಇದಕ್ಕೆಂದೇ ತರಬೇತಿ ಕೇಂದ್ರಗಳಿವೆ. ಆ ನಂಬಿಕೆ ಎಷ್ಟರಮಟ್ಟಿಗೆ ಸಾಧು? ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ತುರ್ತು ಚಿಕಿತ್ಸಾ ವಿಭಾಗಕ್ಕಿಂತ ಕಠಿಣವಾದ ಒರೆಗಲ್ಲು ಬೇರೊಂದಿಲ್ಲ. ಉಳಿದೆಡೆ ತಪ್ಪಾಗಿ ಕೇಳಿಸಿಕೊಂಡದ್ದನ್ನು ತಿದ್ದಿಕೊಳ್ಳಲು ನಾಳೆ ಎಂಬುದೊಂದಿರುತ್ತದೆ. ಇಲ್ಲಿ ತಪ್ಪು ಕೇಳಿಕೆ ರೋಗಿಯನ್ನು ತಪ್ಪು ಸಾಲಿನಲ್ಲಿ ಕೂರಿಸುತ್ತದೆ.

2. ಮೂರನೆಯ ಸರದಿ

ವೈದ್ಯಕೀಯ ಸಂವಾದದ ಮೂಲ ಘಟಕವನ್ನು ಎಲಿಯಟ್ ಮಿಶ್ಲರ್ 1984ರಲ್ಲಿ ಮೂರು ಸರದಿಗಳಾಗಿ ವಿಂಗಡಿಸಿದರು. ವೃತ್ತಿಯವರ ಪ್ರಶ್ನೆ ಮೊದಲನೆಯದು, ರೋಗಿಯ ಉತ್ತರ ಎರಡನೆಯದು. ಆ ಉತ್ತರವನ್ನು ಅಂಗೀಕರಿಸುವ ಅಥವಾ ಮುಂದಿನ ಪ್ರಶ್ನೆಗೆ ಹೊರಳುವ ವೃತ್ತಿಯವರ ಮಾತು ಮೂರನೆಯದು. ವೈದ್ಯಶಾಸ್ತ್ರದ ದನಿ ಹಾಗೂ ಬದುಕಿನ ದನಿ ಎಂದು ಅವರು ಹೆಸರಿಸಿದ ಎರಡು ದನಿಗಳ ಘರ್ಷಣೆ ಎದ್ದುಕಾಣುವುದು ಈ ಮೂರನೆಯ ಸರದಿಯಲ್ಲಿ. ಇದಕ್ಕೂ ಮೊದಲು, 1979ರಲ್ಲಿ, ಜಾನ್ ಹೆರಿಟೇಜ್ ಮತ್ತು ರಾಡ್ ವಾಟ್ಸನ್ ಸಂಭಾಷಣೆಯಲ್ಲಿನ ಮರುನಿರೂಪಣೆಯನ್ನು ವಿವರಿಸಿದ್ದರು. ಇನ್ನೊಬ್ಬರು ಹೇಳಿದ್ದರ ಸಾರವನ್ನು ಮರಳಿ ಅವರ ಮುಂದಿಡುವ ಈ ಕ್ರಿಯೆ ಏಕಕಾಲದಲ್ಲಿ ಮೂರು ಕೆಲಸ ಮಾಡುತ್ತದೆ: ಕೆಲವನ್ನು ಉಳಿಸುತ್ತದೆ, ಕೆಲವನ್ನು ಬಿಡುತ್ತದೆ, ಕೆಲವನ್ನು ಬದಲಿಸುತ್ತದೆ. ಯಾವುದನ್ನು ಉಳಿಸಲಾಯಿತು, ಯಾವುದು ಬಿಟ್ಟುಹೋಯಿತು ಎಂಬುದರ ಮೇಲೆ ಟಿಪ್ಪಣಿಯ ಸತ್ಯ ನಿಂತಿದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಇದು ದಾಖಲಿತ ಸಂಭಾಷಣೆಯಲ್ಲ. ವಾದದ ಸ್ಪಷ್ಟತೆಗಾಗಿ ರಚಿಸಿಕೊಂಡದ್ದು. ಇಂಗ್ಲೆಂಡಿನ ಮಧ್ಯವಯಸ್ಕ ವ್ಯಕ್ತಿಯೊಬ್ಬರು ಟ್ರಯಾಜ್ ಮೇಜಿನ ಮುಂದೆ ಕುಳಿತಿದ್ದಾರೆ.

ನರ್ಸ್: ವಾಟ್ಸ್ ಬ್ರಾಟ್ ಯೂ ಇನ್ ಟುಡೇ?
ರೋಗಿ: ಐ ವಾಸ್ ಪುಟಿಂಗ್ ದ ಬಿನ್ಸ್ ಔಟ್ ಅಂಡ್ ಐ ಕೇಮ್ ಓವರ್ ಆಲ್ ಫನ್ನಿ. ಬಿಟ್ ಟೈಟ್ ಅಕ್ರಾಸ್ ಹಿಯರ್. ಇಟ್ಸ್ ಈಸ್ಡ್ ಆಫ್ ನೌ, ಮೋಸ್ಟ್‌ಲಿ.
ನರ್ಸ್: ಓಕೆ. ಹ್ಯಾವ್ ಯೂ ಗಾಟ್ ಎನಿ ಪೇನ್?
ರೋಗಿ: ನೋ, ನಾಟ್ ಪೇನ್.

ಕಸದ ಡಬ್ಬಿಗಳನ್ನು ಹೊರಗಿಡುವಾಗ ಹೇಗೋ ಆಯಿತು, ಎದೆಯ ಅಡ್ಡಕ್ಕೆ ತುಸು ಬಿಗಿದಂತಾಯಿತು, ಈಗ ಬಹುಮಟ್ಟಿಗೆ ಇಳಿದಿದೆ ಎಂದು ರೋಗಿ ಹೇಳಿದ್ದಾರೆ. ನರ್ಸ್ ಆಡಿದ ಎರಡು ಪ್ರಶ್ನೆಗಳಲ್ಲಿ ವ್ಯಾಕರಣದೋಷವಿಲ್ಲ. ಉಚ್ಚಾರವೂ ಸ್ಪಷ್ಟವಿದೆಯೆಂದು ಭಾವಿಸೋಣ. ಮೊದಲ ಪ್ರಶ್ನೆ ಮುಕ್ತವಾದದ್ದು, ಎರಡನೆಯದು ನಿರ್ದಿಷ್ಟವಾದದ್ದು. ಯಾವ ಪಠ್ಯಪುಸ್ತಕವೂ ಈ ಕ್ರಮವನ್ನು ಮೆಚ್ಚುತ್ತದೆ. ಹಾಗಿದ್ದೂ ಪರಿಶೀಲನೆ ಇಲ್ಲಿ ಸೋತಿದೆ. ರೋಗಿಯ ಉತ್ತರದಲ್ಲಿ ಮೂರು ಮುಖ್ಯ ಸಂಗತಿಗಳಿದ್ದವು. ತೊಂದರೆ ಶ್ರಮದ ವೇಳೆ ಆರಂಭವಾಯಿತು. ಅದರ ಸ್ವರೂಪ ಬಿಗಿತ. ‘ಮೋಸ್ಟ್‌ಲಿ’ ಎಂಬ ಪದದ ಧ್ವನಿತಾರ್ಥದಂತೆ ಅದು ಪೂರ್ತಿ ಹೋಗಿಲ್ಲ. ಮೂರನೆಯ ಸರದಿಯಲ್ಲಿ ನರ್ಸ್ ಇವುಗಳಲ್ಲಿ ಒಂದನ್ನೂ ಎತ್ತಿಕೊಳ್ಳದೆ ತಮ್ಮ ಪಟ್ಟಿಯ ಮುಂದಿನ ಪದವಾದ ‘ಪೇನ್’ಗೆ ಹೋದರು. ರೋಗಿ ಪ್ರಾಮಾಣಿಕವಾಗಿಯೇ ಅದನ್ನು ಅಲ್ಲಗಳೆದರು. ಅವರ ಪಾಲಿಗೆ ಬಿಗಿತ ನೋವಲ್ಲ. ಟಿಪ್ಪಣಿಯಲ್ಲಿ ‘ಎದೆನೋವು ಇಲ್ಲ’ ಎಂದು ಬರೆದರೆ ಅದು ರೋಗಿ ಆಡಿದ ಮಾತೇ ಆಗಿರುತ್ತದೆ, ಆದರೆ ರೋಗಿ ಹೇಳಿದ್ದು ಅದಲ್ಲ.

ಈ ಪದಭೇದ ವೈದ್ಯರಿಗೆ ಹೊಸದಲ್ಲ. ಹೃದಯದ ರಕ್ತಸಂಚಾರಕ್ಕೆ ತಡೆಯಾದಾಗ ಅನೇಕರು ಅದನ್ನು ನೋವೆನ್ನದೆ ಒತ್ತಡ, ಭಾರ, ಬಿಗಿತ ಎನ್ನುತ್ತಾರೆ. ಅಮೆರಿಕದ ಹೃದ್ರೋಗ ಸಂಸ್ಥೆಗಳು 2021ರಲ್ಲಿ ಹೊರತಂದ ಎದೆನೋವಿನ ಮಾರ್ಗಸೂಚಿ ಈ ಕಾರಣಕ್ಕೇ ‘ಎದೆನೋವು’ ಎಂಬ ಪಾರಿಭಾಷಿಕ ಪದದ ವ್ಯಾಪ್ತಿಯನ್ನು ಹಿಗ್ಗಿಸಿ, ಎದೆ, ಭುಜ, ತೋಳು, ಕುತ್ತಿಗೆ, ಬೆನ್ನು, ದವಡೆಗಳಲ್ಲಿನ ಒತ್ತಡ, ಬಿಗಿತ, ಅಸೌಖ್ಯಗಳನ್ನೂ ಅದರಡಿ ತಂದಿತು. ಪರಿಭಾಷೆ ಹಿಗ್ಗಿತು. ಆದರೆ ರೋಗಿಯ ಭಾಷೆ ಪರಿಭಾಷೆಯನ್ನು ಹಿಂಬಾಲಿಸುವುದಿಲ್ಲ. ಇವೆರಡರ ನಡುವಣ ಸೇತುವೆಯನ್ನು ಪ್ರತಿ ಸಂಭಾಷಣೆಯಲ್ಲಿಯೂ ಶುಶ್ರೂಷಕರೇ ಹೊಸದಾಗಿ ಕಟ್ಟಬೇಕು. ಮೇಲಿನ ನರ್ಸ್, ‘ಸೋ ಇಟ್ ಕೇಮ್ ಆನ್ ವೈಲ್ ಯೂ ವರ್ ಮೂವಿಂಗ್ ದ ಬಿನ್ಸ್, ಇಟ್ ಫೆಲ್ಟ್ ಟೈಟ್, ಅಂಡ್ ದೇರ್ಸ್ ಸ್ಟಿಲ್ ಸಮ್ ಆಫ್ ಇಟ್ ದೇರ್?’ ಎಂದಿದ್ದರೆ, ರೋಗಿ ಅದನ್ನು ಒಪ್ಪುವುದಕ್ಕೂ ತಿದ್ದುವುದಕ್ಕೂ ಅವಕಾಶವಿರುತ್ತಿತ್ತು. ದವಡೆ ಭಾರವಾಗಿದೆ ಎಂಬ ಮಾತು ಹೊರಬರುವುದಾದರೆ ಇಂತಹ ಅವಕಾಶದಲ್ಲಿಯೇ ಹೊರಬರಬೇಕು.

ಡಯಾನಾ ಸ್ಲೇಡ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಹಾಗೂ ರಾಜಧಾನಿ ಪ್ರದೇಶಗಳ ಐದು ತುರ್ತು ಚಿಕಿತ್ಸಾ ವಿಭಾಗಗಳಲ್ಲಿ 82 ರೋಗಿಗಳ ಸಂಭಾಷಣೆಗಳನ್ನು ಅವರು ಬಂದಾಗಿನಿಂದ ಹೊರಡುವವರೆಗೆ ಧ್ವನಿಮುದ್ರಿಸಿ, 2015ರಲ್ಲಿ ಗ್ರಂಥರೂಪದಲ್ಲಿ ವಿಶ್ಲೇಷಣೆಯನ್ನು ಪ್ರಕಟಿಸಿದರು. ಒಬ್ಬರ ನಂತರ ಒಬ್ಬರು ಬಂದು ರೋಗಿಯನ್ನು ಅದದೇ ಪ್ರಶ್ನೆಗಳನ್ನು ಕೇಳುವುದು ಆ ಅಧ್ಯಯನದಲ್ಲಿ ಎದ್ದುಕಂಡ ಸಂಗತಿಗಳಲ್ಲೊಂದು. ಪ್ರಶ್ನೆಗಳ ಕೊರತೆ ಅಲ್ಲಿನ ಸಮಸ್ಯೆಯಾಗಿರಲಿಲ್ಲ. ಉತ್ತರಗಳು ಎಲ್ಲಿ ತಂಗುತ್ತವೆ, ಎಲ್ಲಿ ಸೋರಿಹೋಗುತ್ತವೆ ಎಂಬುದೇ ಸಮಸ್ಯೆಯಾಗಿತ್ತು ಎಂದು ಇದನ್ನು ಓದಿಕೊಳ್ಳಬಹುದು.

3. ಮೂರು ತುಂಡಾದ ಒಂದು ಕ್ರಿಯೆ

ಈ ಹಿನ್ನೆಲೆಯಲ್ಲಿ ಒಇಟಿಯ ರಚನೆಯನ್ನು ನೋಡಬೇಕು. 1980ರ ದಶಕದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯಾದಲ್ಲಿ ಟಿಮ್ ಮೆಕ್‌ನಮಾರ ಅವರು ಇಂದಿನ ಒಇಟಿಯ ಬುನಾದಿಯನ್ನು ರೂಪಿಸಿದರು. ಅದರ ಮಾತುಗಾರಿಕೆಯ ಉಪಪರೀಕ್ಷೆಯಲ್ಲಿ ಎರಡು ರೋಲ್‌ಪ್ಲೇಗಳಿರುತ್ತವೆ. ಅಭ್ಯರ್ಥಿಗೆ ಒಂದು ಕಾರ್ಡ್ ಕೊಡಲಾಗುತ್ತದೆ. ಸಂದರ್ಭ ಯಾವುದು, ಯಾವ ಯಾವ ಕೆಲಸಗಳನ್ನು ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಸಿದ್ಧತೆಗೆ ಸುಮಾರು ಮೂರು ನಿಮಿಷ, ಸಂಭಾಷಣೆಗೆ ಸುಮಾರು ಐದು ನಿಮಿಷ. ರೋಗಿಯ ಪಾತ್ರ ವಹಿಸುವವರ ಕೈಯಲ್ಲಿಯೂ ಕಾರ್ಡ್ ಇರುತ್ತದೆ. ಅವರು ಅಂಕ ನೀಡುವುದಿಲ್ಲ. ಧ್ವನಿಮುದ್ರಿಕೆಯನ್ನು ಬೇರೆ ಮೌಲ್ಯಮಾಪಕರು ಕೇಳಿ ಅಳೆಯುತ್ತಾರೆ.

ಆರಂಭದಲ್ಲಿ ಅಳತೆಗೋಲುಗಳು ಭಾಷಿಕವಾದವುಗಳಷ್ಟೇ ಆಗಿದ್ದವು. ಈ ಪರೀಕ್ಷೆಯ ಸಿಂಧುತ್ವವನ್ನು ಕುರಿತು ಮೆಕ್‌ನಮಾರ ಅವರೇ 1990ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಒಂದು ಇಕ್ಕಟ್ಟಿನ ಸತ್ಯವನ್ನು ಹೊರಗೆಡವಿತ್ತು: ಸಂವಹನಶೀಲತೆಯನ್ನು ಅಳೆಯಲೆಂದು ರೂಪಿಸಿದ ಪರೀಕ್ಷೆಯಲ್ಲಿಯೂ ಮೌಲ್ಯಮಾಪಕರ ಒಟ್ಟು ತೀರ್ಮಾನವನ್ನು ಬಲವಾಗಿ ಪ್ರಭಾವಿಸುತ್ತಿದ್ದುದು ವ್ಯಾಕರಣ ಮತ್ತು ಅಭಿವ್ಯಕ್ತಿಯ ಅಳತೆಗೋಲು. ಬಳಿಕ ಕ್ಯಾಥರೀನ್ ಎಲ್ಡರ್, ಜಾನ್ ಪಿಲ್ ಮೊದಲಾದವರು, ವೃತ್ತಿಯವರು ತಮ್ಮ ಕಿರಿಯರ ಮಾತನ್ನು ಹೇಗೆ ಬೆಲೆಗಟ್ಟುತ್ತಾರೆ ಎಂಬುದನ್ನು ಪರಿಶೀಲಿಸಿ, ಆ ಮೂಲದಿಂದಲೇ ಅಳತೆಗೋಲುಗಳನ್ನು ಕಂಡುಕೊಳ್ಳಲು ಶ್ರಮಿಸಿದರು. 2018ರಿಂದ ನಾಲ್ಕು ಭಾಷಿಕ ಅಳತೆಗೋಲುಗಳ ಜೊತೆಗೆ ಐದು ಸಂವಹನ ಅಳತೆಗೋಲುಗಳು ಜಾರಿಗೆ ಬಂದವು. ಬಾಂಧವ್ಯ ಬೆಳೆಸುವುದು, ರೋಗಿಯ ದೃಷ್ಟಿಕೋನವನ್ನು ಅರಿಯುವುದು, ಸಂಭಾಷಣೆಗೆ ಕ್ರಮ ಒದಗಿಸುವುದು, ಮಾಹಿತಿ ಸಂಗ್ರಹಿಸುವುದು, ಮಾಹಿತಿ ನೀಡುವುದು ಎಂಬವೇ ಆ ಐದು. ಮಾಹಿತಿಸಂಗ್ರಹದ ಸೂಚಕಗಳಲ್ಲಿ ಮುಕ್ತ ಪ್ರಶ್ನೆಯಿಂದ ಮೊದಲುಮಾಡುವುದು, ಅಸ್ಪಷ್ಟ ಮಾತನ್ನು ಸ್ಪಷ್ಟಪಡಿಸಿಕೊಳ್ಳುವುದು, ಕೇಳಿದ್ದನ್ನು ಸಂಗ್ರಹಿಸಿ ಹೇಳಿ ತಿದ್ದುಪಡಿಗೆ ಆಹ್ವಾನಿಸುವುದು ಇವೆಲ್ಲವೂ ಸೇರಿವೆ. ಆದ್ದರಿಂದ ಮರುನಿರೂಪಣೆಯನ್ನು ಒಇಟಿ ಮರೆತಿದೆ ಎನ್ನುವುದು ಅನ್ಯಾಯದ ಮಾತಾದೀತು. ಐಇಎಲ್‌ಟಿಎಸ್‌ನ ಮಾತುಗಾರಿಕೆಯ ಪರೀಕ್ಷೆ ಈ ಹಾದಿಯಲ್ಲಿ ಹೆಜ್ಜೆಯನ್ನೇ ಇಟ್ಟಿಲ್ಲ.

ನನ್ನ ಆಕ್ಷೇಪ ಬೇರೆ ಬಗೆಯದು. ಅಭ್ಯರ್ಥಿ ಸಂಗ್ರಹಿಸಿ ಹೇಳಿದರೇ ಇಲ್ಲವೇ ಎಂಬುದನ್ನು ಸೂಚಕ ಗುರುತಿಸಬಲ್ಲದು. ಆ ಸಂಗ್ರಹ ಯಾವುದನ್ನು ಉಳಿಸಿತು, ಯಾವುದನ್ನು ಕೈಬಿಟ್ಟಿತು ಎಂಬುದರ ಮೇಲೆ ಪರೀಕ್ಷೆಯಲ್ಲಿ ಮುಂದೇನೂ ನಿಂತಿರುವುದಿಲ್ಲ. ‘ಸೋ, ಲೆಟ್ ಮಿ ಜಸ್ಟ್ ಸಮ್ಮರೈಸ್ ವಾಟ್ ಯೂಹ್ಯಾವ್ ಟೋಲ್ಡ್ ಮಿ’ ಎಂಬ ಬಾಯಿಪಾಠದ ವಾಕ್ಯದ ಬಳಿಕ ನಾಲ್ಕಾರು ಸಂಗತಿಗಳನ್ನು ಪೋಣಿಸಿದರೆ ಸಂಗ್ರಹದ ಕ್ರಿಯೆ ನಡೆದಂತೆ ಕಾಣುತ್ತದೆ. ‘ಮೋಸ್ಟ್‌ಲಿ’ ಬಿಟ್ಟುಹೋದರೂ ರೋಲ್‌ಪ್ಲೇ ನಿರಾತಂಕವಾಗಿ ಮುಗಿಯುತ್ತದೆ. ಕ್ರಿಯೆಯ ಇರವನ್ನು ಅಳೆಯುವುದು ಸುಲಭ. ಅದರ ನಿಷ್ಠೆಯನ್ನು ಅಳೆಯಬೇಕಾದರೆ, ಮೂಲದ ಮಾತು ಹಾಗೂ ಅದರಿಂದ ಹುಟ್ಟಿದ ಟಿಪ್ಪಣಿ ಎರಡನ್ನೂ ಎದುರುಬದುರಾಗಿ ಇಡಬೇಕು.

ಟಿಪ್ಪಣಿಯಾದರೂ ಒಇಟಿಯಲ್ಲಿ ಎಲ್ಲಿದೆ? ಎರಡು ಕಡೆ ಇದೆ. ಎರಡು ಕಡೆಯೂ ಅರ್ಧವಾಗಿ. ಆಲಿಸುವಿಕೆಯ ಮೊದಲ ಭಾಗದಲ್ಲಿ ರೋಗಿ ಮತ್ತು ವೃತ್ತಿಯವರ ಎರಡು ಸಂಭಾಷಣೆಗಳನ್ನು ಕೇಳಿ 24 ಖಾಲಿ ಜಾಗಗಳನ್ನು ತುಂಬಬೇಕು. ಇಲ್ಲಿ ಪ್ರಶ್ನೆ ಕೇಳುವವರು ಬೇರೆಯವರು. ಟಿಪ್ಪಣಿಯ ಚೌಕಟ್ಟು ಮೊದಲೇ ಮುದ್ರಿತವಾಗಿರುತ್ತದೆ. ಅಭ್ಯರ್ಥಿ ಕೇಳಿದ ಪದವನ್ನು ಗೊತ್ತಾದ ಜಾಗಕ್ಕೆ ಸೇರಿಸಿದರೆ ಸಾಕು. ಯಾವ ಸಂಗತಿ ದಾಖಲಾಗಬೇಕು ಎಂಬ ಆಯ್ಕೆ ಅವರದಲ್ಲ. ಜೊತೆಗೆ ಈ ಭಾಗ ಹನ್ನೆರಡು ವೃತ್ತಿಗಳಿಗೂ ಸಮಾನವಾದದ್ದು. ಇನ್ನು ಬರವಣಿಗೆಯಲ್ಲಿ ಶುಶ್ರೂಷಕರು 45 ನಿಮಿಷಗಳಲ್ಲಿ ಪತ್ರವೊಂದನ್ನು ಬರೆಯಬೇಕು. ಅದಕ್ಕೆ ಆಧಾರ ರೋಗಿಯ ಮಾತಲ್ಲ, ಈಗಾಗಲೇ ವೃತ್ತಿಭಾಷೆಗೆ ಇಳಿದ ಪ್ರಕರಣ ಟಿಪ್ಪಣಿ. ‘ಕೇಮ್ ಓವರ್ ಆಲ್ ಫನ್ನಿ’ ಎಂಬುದನ್ನು ಯಾರೋ ಮೊದಲೇ ಸೋಸಿ ಇಟ್ಟಿರುತ್ತಾರೆ.

ಹೀಗೆ ಒಂದು ಉಪಪರೀಕ್ಷೆಯಲ್ಲಿ ಅಭ್ಯರ್ಥಿ ಕೇಳುತ್ತಾರೆ, ಆದರೆ ದಾಖಲಿಸುವುದಿಲ್ಲ. ಇನ್ನೊಂದರಲ್ಲಿ ದಾಖಲಿಸುತ್ತಾರೆ, ಆದರೆ ಕೇಳುವವರೂ ಆಯ್ಕೆಮಾಡುವವರೂ ಅವರಲ್ಲ. ಮೂರನೆಯದರಲ್ಲಿ ಬರೆಯುತ್ತಾರೆ, ಆದರೆ ರೋಗಿಯ ದನಿಯೇ ಅಲ್ಲಿಲ್ಲ. ರೋಗಿಯ ಪದ ಶುಶ್ರೂಷಕರ ಪದವಾಗುವ ಗಳಿಗೆ ಈ ಮೂರು ಉಪಪರೀಕ್ಷೆಗಳ ಹೊಲಿಗೆಯಲ್ಲಿ ಬಿದ್ದುಹೋಗುತ್ತದೆ. ಟ್ರಯಾಜ್ ಶುಶ್ರೂಷಕರ ಕೆಲಸದ ತಿರುಳು ಆ ಗಳಿಗೆಯೇ.

4. ತರಬೇತಿಯ ಮೇಲಿನ ಪ್ರಭಾವ: ‘ಎನಿ’ ಮತ್ತು ‘ಸಮ್’

ಪರೀಕ್ಷೆಯಲ್ಲಿ ಇಲ್ಲದ್ದು ಬೋಧನೆಯಲ್ಲಿಯೂ ಇರುವುದಿಲ್ಲ ಎಂಬುದು ಭಾಷಾಪರೀಕ್ಷಣದ ಹಳೆಯ ಅನುಭವ. ಶುಶ್ರೂಷಕರಿಗಾಗಿ ಬರೆದ ಇಂಗ್ಲಿಷ್ ಪಾಠಗಳಲ್ಲಿ ರೋಗಿಪರಿಶೀಲನೆಯನ್ನು ಪ್ರಶ್ನೆಗಳ ಪಟ್ಟಿಯಾಗಿ ಕಲಿಸುವುದು ವಾಡಿಕೆ. ನೋವಿನ ಸ್ಥಳ, ಆರಂಭ, ಸ್ವರೂಪ, ಹರಡುವಿಕೆ, ತೀವ್ರತೆ ಮೊದಲಾದವನ್ನು ನೆನಪಿಡಲು ಸಾಕ್ರಟೀಸ್‌ನ ಹೆಸರಿನ ಅಕ್ಷರಗಳನ್ನು ಬಳಸುವ ಸೂತ್ರ ಜನಪ್ರಿಯವಾಗಿದೆ. ಸ್ಮರಣಸೂತ್ರವಾಗಿ ಅದು ಉಪಯುಕ್ತ. ಆದರೆ ಪಟ್ಟಿಯನ್ನು ಸಂಭಾಷಣೆ ಎಂದು ಭಾವಿಸಿದಾಗ ಪ್ರತಿ ಉತ್ತರವೂ ಮುಂದಿನ ಪ್ರಶ್ನೆಗೆ ದಾರಿಬಿಡುವ ಬಾಗಿಲಾಗಿಬಿಡುತ್ತದೆ. ಮಾದರಿ ಸಂಭಾಷಣೆಯ ರೋಗಿ ಪಠ್ಯಕಾರರ ಸೃಷ್ಟಿಯಾದ್ದರಿಂದ ಕೇಳಿದಷ್ಟಕ್ಕೆ, ಕೇಳಿದ ಕ್ರಮದಲ್ಲಿ ಉತ್ತರಿಸುತ್ತಾನೆ.

ಪ್ರಶ್ನೆಯ ವ್ಯಾಕರಣವೇ ಉತ್ತರವನ್ನು ಎಷ್ಟು ಬಾಗಿಸಬಲ್ಲದು ಎಂಬುದಕ್ಕೆ ಹೆರಿಟೇಜ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗ ಒಳ್ಳೆಯ ನಿದರ್ಶನ. ಅದು ತುರ್ತು ವಿಭಾಗದ ಅಧ್ಯಯನವಲ್ಲ. ಅಮೆರಿಕದ 20 ಕುಟುಂಬವೈದ್ಯರ ಸಮಾಲೋಚನೆಗಳಿಗೆ ಸಂಬಂಧಿಸಿದ್ದು. ವೈದ್ಯರಲ್ಲಿ ಕೆಲವರು ‘ಇಸ್ ದೇರ್ ಎನಿಥಿಂಗ್ ಎಲ್ಸ್’ ಎಂದೂ ಇನ್ನು ಕೆಲವರು ‘ಇಸ್ ದೇರ್ ಸಮ್‌ಥಿಂಗ್ ಎಲ್ಸ್’ ಎಂದೂ ಕೇಳಿದರು. ರೋಗಿ ಹೇಳಬೇಕೆಂದು ಬಂದು ಹೇಳದೆಯೇ ಹಿಂತಿರುಗುವ ದೂರುಗಳು ‘ಸಮ್‌ಥಿಂಗ್’ ಬಳಸಿದಾಗ 78 ಶೇಕಡದಷ್ಟು ತಗ್ಗಿದವು. ‘ಎನಿಥಿಂಗ್’ನಿಂದ ಗಣನೀಯ ವ್ಯತ್ಯಾಸವಾಗಲಿಲ್ಲ. ‘ಎನಿ’ ನಿಷೇಧದೆಡೆಗೆ ವಾಲುವ ಪದ. ‘ಇಲ್ಲ’ ಎಂಬ ಉತ್ತರಕ್ಕೆ ಅದು ಇಳಿಜಾರು ಒದಗಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ‘ಎನಿ ಪೇನ್’ ಮಾಡಿದ್ದೂ ಇದನ್ನೇ.

ಕನ್ನಡ ಭಾಷಿಕರಿಗೆ ಈ ಇಳಿಜಾರು ಕಾಣಿಸದಿರಲು ಒಂದು ವ್ಯಾಕರಣಕಾರಣವಿದೆ. ನಮ್ಮ ಶಾಲಾವ್ಯಾಕರಣ ಮತ್ತು ನಿಘಂಟುಗಳಲ್ಲಿ ಪ್ರಶ್ನಾವಾಕ್ಯದ ‘ಎನಿಥಿಂಗ್’, ‘ಸಮ್‌ಥಿಂಗ್’ ಎರಡಕ್ಕೂ ‘ಏನಾದರೂ’ ಎಂಬ ಒಂದೇ ಸಮಾನಪದ ದೊರೆಯುತ್ತದೆ. ‘ಬೇರೆ ಏನಾದರೂ ತೊಂದರೆ ಇದೆಯೇ?’ ಎಂಬ ಪ್ರಶ್ನೆ ಹೌದು, ಇಲ್ಲಗಳೆರಡಕ್ಕೂ ಹೆಚ್ಚುಕಡಿಮೆ ಸಮದೂರದಲ್ಲಿದೆ. ನಿಷೇಧದ ಕಡೆಗೆ ವಾಲಿಸಬೇಕಾದರೆ ಕನ್ನಡ ರೂಪವನ್ನೇ ಬದಲಿಸುತ್ತದೆ: ‘ಬೇರೇನೂ ಇಲ್ಲ ತಾನೆ?’ ಅಂದರೆ ಕನ್ನಡ ‘ಏನೂ’ ಮತ್ತು ‘ಏನಾದರೂ’ಗಳ ನಡುವೆ ಎಳೆಯುವ ಗೆರೆ, ಇಂಗ್ಲಿಷ್ ‘ಎನಿ’ ಮತ್ತು ‘ಸಮ್’ಗಳ ನಡುವೆ ಎಳೆಯುವ ಗೆರೆಯ ಮೇಲೆ ಕೂರುವುದಿಲ್ಲ. ‘ಎನಿ ಪೇನ್’ ಎಂದ ಕನ್ನಡ ಭಾಷಿಕ ನರ್ಸ್ ತಾವು ‘ಏನಾದರೂ ನೋವಿದೆಯೇ’ ಎಂದು ಮುಕ್ತವಾಗಿಯೇ ಕೇಳಿದೆನೆಂದು ಭಾವಿಸಬಹುದು. ರೋಗಿಗೆ ಕೇಳಿಸುವುದು ‘ನೋವೇನೂ ಇಲ್ಲ ತಾನೆ’ ಎಂಬುದಕ್ಕೆ ಹತ್ತಿರವಾದ ಪ್ರಶ್ನೆ. ಇದು ವ್ಯಾಕರಣದೋಷವಲ್ಲವಾದ್ದರಿಂದ ಭಾಷಿಕ ಅಳತೆಗೋಲಿಗೆ ಸಿಗುವುದಿಲ್ಲ. ಪ್ರಶ್ನೆ ನಿರ್ದಿಷ್ಟವಾಗಿದ್ದು ಸಂಯುಕ್ತವೂ ಅಲ್ಲದ್ದರಿಂದ ಸಂವಹನ ಅಳತೆಗೋಲಿಗೂ ಎದ್ದುಕಾಣುವುದಿಲ್ಲ. ಇಂತಹ ಕಡೆ ವ್ಯತಿರೇಕಾತ್ಮಕ ವಿಶ್ಲೇಷಣೆ ಮಾಡಬಹುದಾದ ಕೆಲಸ ಬಹಳವಿದೆ.

5. ಲೆಕ್ಕಕ್ಕೆ ಬಾರದ ಸಾಮರ್ಥ್ಯ

ಇದೇ ಶುಶ್ರೂಷಕರನ್ನು ಕರ್ನಾಟಕದ ಆಸ್ಪತ್ರೆಯೊಂದರಲ್ಲಿ ಕಲ್ಪಿಸಿಕೊಳ್ಳೋಣ. ರೋಗಿ ಕನ್ನಡ, ತುಳು, ಕೊಂಕಣಿ ಅಥವಾ ದಖ್ಖನಿಯಲ್ಲಿ ಮಾತನಾಡುತ್ತಾರೆ. ಟಿಪ್ಪಣಿ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತದೆ. ‘ಎದೆ ಹಿಡಕೊಂಡಂಗಾತು, ಗ್ಯಾಸ್ ಇರಬೇಕು’ ಎಂಬ ಮಾತಿನಲ್ಲಿ ಅನುಭವ ಯಾವುದು, ರೋಗಿಯ ಊಹೆ ಯಾವುದು ಎಂಬುದನ್ನು ಅವರು ಬೇರ್ಪಡಿಸಬೇಕು. ‘ಇರಬೇಕು’ ಎಂಬ ಕ್ರಿಯಾರೂಪ ಊಹೆಯನ್ನು ಸೂಚಿಸುತ್ತದೆ; ‘ಹಿಡಕೊಂಡಂಗೆ’ ಎಂಬುದು ಅನುಭವದ ಸ್ವರೂಪವನ್ನು. ಮೊದಲನೆಯದನ್ನು ಬದಿಗಿಟ್ಟು ಎರಡನೆಯದನ್ನು ಬಿಗಿತವೆಂದು ಇಂಗ್ಲಿಷಿನಲ್ಲಿ ದಾಖಲಿಸುವಾಗ ಅವರು ಹೆರಿಟೇಜ್ ಮತ್ತು ವಾಟ್ಸನ್ ವಿವರಿಸಿದ ಉಳಿಸುವ, ಬಿಡುವ, ಬದಲಿಸುವ ಮೂರು ಕೆಲಸಗಳನ್ನೂ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತಲೇ ಮಾಡಿರುತ್ತಾರೆ. ಉತ್ತರ ಕರ್ನಾಟಕದ ‘ಆರಾಮಿಲ್ಲ’, ‘ಹೊಟ್ಟಿ ಬ್ಯಾನಿ’, ಎಲ್ಲೆಡೆ ಕೇಳಿಬರುವ ‘ಸಂಕಟ’, ‘ಸುಸ್ತು’, ‘ತಲೆಸುತ್ತು’ ಇವುಗಳಲ್ಲಿ ಯಾವುದಕ್ಕೂ ವೈದ್ಯಕೀಯ ಇಂಗ್ಲಿಷಿನಲ್ಲಿ ಒಂದಕ್ಕೊಂದು ಎಂಬಂತಹ ಸಮಾನಪದವಿಲ್ಲ. ‘ಸಂಕಟ’ ವಾಕರಿಕೆಯೇ, ಮೇಲ್ಹೊಟ್ಟೆಯ ಅಸೌಖ್ಯವೇ, ಮನಸ್ಸಿನ ತಳಮಳವೇ ಎಂಬುದನ್ನು ಮರುಪ್ರಶ್ನೆಯಿಂದಲೇ ತಿಳಿಯಬೇಕು.

ನೋವಿನ ವ್ಯಾಕರಣದಲ್ಲಿಯೂ ಇದೇ ಬಗೆಯ ದಾಟುವಿಕೆ ಇದೆ. ಇಂಗ್ಲಿಷಿನಲ್ಲಿ ನೋವು ಕ್ರಿಯೆಯಾಗಿ, ಗುಣವಾಗಿ, ವಸ್ತುವಾಗಿ ಹೇಗೆಲ್ಲ ರೂಪ ತಾಳುತ್ತದೆ ಎಂಬುದನ್ನು ಹ್ಯಾಲಿಡೆ 1998ರ ಲೇಖನವೊಂದರಲ್ಲಿ ತೋರಿಸಿದ್ದಾರೆ. ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿ 78 ವಿವರಣಪದಗಳನ್ನು 20 ಗುಂಪುಗಳಲ್ಲಿ ಜೋಡಿಸಿದೆ. ಕನ್ನಡದಲ್ಲಿ ನೋವಿನ ಸ್ವರೂಪ ಬಹುಮಟ್ಟಿಗೆ ಗುಣವಾಚಕವಾಗಿ ಬರುವುದಿಲ್ಲ. ಕೃದಂತದ ಮುಂದೆ ‘ಹಾಗೆ’ ಸೇರಿಸಿದ ಉಪಮಾರೂಪದಲ್ಲಿ ಬರುತ್ತದೆ. ಹಿಂಡಿದ ಹಾಗೆ, ಚುಚ್ಚಿದ ಹಾಗೆ, ಕಲ್ಲು ಇಟ್ಟ ಹಾಗೆ ಎಂಬ ರೂಪಗಳನ್ನು ನೆನೆಯಬಹುದು. ಅನುಭವಿಸುವವರು ‘ನನಗೆ’ ಎಂದು ಚತುರ್ಥಿಯಲ್ಲಿ ನಿಲ್ಲುತ್ತಾರೆ. ಈ ಪುಟ್ಟ ಕಥನವನ್ನು ಇಂಗ್ಲಿಷಿನ ಒಂದು ವಿಶೇಷಣಕ್ಕೆ ಕುಗ್ಗಿಸುವುದು, ಕುಗ್ಗಿಸುವಾಗ ಮುಖ್ಯವಾದದ್ದು ಚೆಲ್ಲದಂತೆ ನೋಡಿಕೊಳ್ಳುವುದು, ನಮ್ಮ ಶುಶ್ರೂಷಕರ ದಿನನಿತ್ಯದ ಭಾಷಾಕೌಶಲ.

ಇಂತಹ ಕೌಶಲವುಳ್ಳವರು ತರಬೇತಿ ಕೇಂದ್ರಕ್ಕೆ ಬಂದಾಗ ಅವರ ಕನ್ನಡವನ್ನು ಉಚ್ಚಾರಕ್ಕೆ ಅಡ್ಡಿಯೆಂದು, ‘ಮಾತೃಭಾಷೆಯ ಪ್ರಭಾವ’ವೆಂದು ಮಾತ್ರ ಗುರುತಿಸಲಾಗುತ್ತದೆ. ರೋಗಿಯ ಪದವನ್ನು ವೃತ್ತಿಯ ಪದವಾಗಿಸುವ ಅವರ ವರ್ಷಗಳ ಅಭ್ಯಾಸಕ್ಕೆ ಪರೀಕ್ಷೆಯಲ್ಲಿ ಅಂಕವಿಲ್ಲ. ಆದ್ದರಿಂದ ತರಬೇತಿಯಲ್ಲಿ ಅದಕ್ಕೆ ಹೆಸರೂ ಇಲ್ಲ. ಇದರ ಫಲ ಎರಡು ಬಗೆಯದು. ನಿಜವಾಗಿ ಸಮರ್ಥರಾದವರು ಉಚ್ಚಾರ ಅಥವಾ ಓಘದ ಕಾರಣದಿಂದ ಹೊರಗುಳಿಯಬಹುದು. ವಾಕ್ಯಗಳನ್ನು ಬಾಯಿಪಾಠ ಮಾಡಿ ಉತ್ತೀರ್ಣರಾದವರು ‘ಬಿಟ್ ಟೈಟ್’ ಎಂಬ ಮಾತಿನ ಮುಂದೆ ನಿಸ್ಸಹಾಯಕರಾಗಬಹುದು. ಆಗ ದೂರು ಬರುವುದು ಅವರ ಇಂಗ್ಲಿಷಿನ ಮೇಲೆ, ಪರೀಕ್ಷೆಯ ಮೇಲಲ್ಲ.

6. ಆಕ್ಷೇಪಗಳು ಮತ್ತು ಒಂದು ಸಲಹೆ

ಈ ವಾದಕ್ಕೆ ಎರಡು ಗಂಭೀರ ಆಕ್ಷೇಪಗಳು ಸಾಧ್ಯ. ಮೊದಲನೆಯದು ಮೆಕ್‌ನಮಾರ 1996ರಲ್ಲಿ ಮಾಡಿದ ಪ್ರಸಿದ್ಧ ವಿಂಗಡಣೆಯನ್ನು ಆಧರಿಸಿದ್ದು. ನಿರ್ವಹಣಾ ಪರೀಕ್ಷೆಯ ಪ್ರಬಲ ಅರ್ಥದಲ್ಲಿ ಕೆಲಸ ಸಫಲವಾಯಿತೇ ಎಂಬುದನ್ನೇ ಅಳೆಯಬೇಕು. ದುರ್ಬಲ ಅರ್ಥದಲ್ಲಿ ಕೆಲಸ ಒಂದು ನೆಪ, ಅಳೆಯುವುದು ಭಾಷೆಯನ್ನು. ಒಇಟಿ ವೈದ್ಯಕೀಯ ಜ್ಞಾನದ ಪರೀಕ್ಷೆಯಲ್ಲ. ಟ್ರಯಾಜ್ ವರ್ಗ ಸರಿಯೇ ತಪ್ಪೇ ಎಂಬುದನ್ನು ಅದು ಅಳೆಯತೊಡಗಿದರೆ ಭಾಷಾಪರೀಕ್ಷೆಯ ಗಡಿ ದಾಟಿದಂತಾಗುತ್ತದೆ ಎನ್ನಬಹುದು. ಈ ಮಾತು ಒಪ್ಪತಕ್ಕದ್ದೇ. ಆದರೆ ಇಲ್ಲಿ ಕೇಳುತ್ತಿರುವುದು ವರ್ಗದ ಅಳತೆಯನ್ನಲ್ಲ. ರೋಗಿ ‘ಬಹುಮಟ್ಟಿಗೆ ಇಳಿದಿದೆ’ ಎಂದದ್ದು ಟಿಪ್ಪಣಿಯಲ್ಲಿ ‘ಇಳಿದಿದೆ’ ಎಂದಾಯಿತೇ, ‘ನೋವಲ್ಲ, ಬಿಗಿತ’ ಎಂದದ್ದು ‘ತೊಂದರೆ ಇಲ್ಲ’ ಎಂದಾಯಿತೇ ಎಂಬುದು ಶುದ್ಧಾಂಗವಾಗಿ ಭಾಷೆಯ ಪ್ರಶ್ನೆ. ಪರಿಮಾಣವಾಚಕ, ನಿಷೇಧ, ಕಾಲಸೂಚಕ, ಧ್ವನಿತಾರ್ಥ ಇವೆಲ್ಲ ನಮ್ಮ ಶಾಸ್ತ್ರದ ಒಳಗಿನವು.

ಎರಡನೆಯದು ವಿಶ್ವಾಸಾರ್ಹತೆಯ ಆಕ್ಷೇಪ. ರೋಗಿಯ ಪಾತ್ರಧಾರಿಗೆ ಸ್ವಾತಂತ್ರ್ಯ ಕೊಟ್ಟಷ್ಟೂ ಒಬ್ಬ ಅಭ್ಯರ್ಥಿಗೆ ಸಿಕ್ಕ ಸಂಭಾಷಣೆ ಇನ್ನೊಬ್ಬರಿಗೆ ಸಿಗುವುದಿಲ್ಲ. ಪರೀಕ್ಷಕರು ಬದಲಾದರೆ ಅದೇ ಅಭ್ಯರ್ಥಿಯ ಸಾಮರ್ಥ್ಯದ ಚಿತ್ರವೂ ಬದಲಾಗಬಲ್ಲದು ಎಂಬುದನ್ನು ಆ್ಯನಿ ಬ್ರೌನ್ 2003ರಲ್ಲಿ ಐಇಎಲ್‌ಟಿಎಸ್ ಸಂದರ್ಶನಗಳ ಆಧಾರದಿಂದ ತೋರಿಸಿದ್ದಾರೆ. ಸಾವಿರಾರು ಅಭ್ಯರ್ಥಿಗಳ ವಲಸೆಯ ಭವಿಷ್ಯ ನಿರ್ಧರಿಸುವ ಪರೀಕ್ಷೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದ್ದರಿಂದ ನನ್ನ ಸಲಹೆ ಸೀಮಿತವಾದದ್ದು. ಎರಡು ರೋಲ್‌ಪ್ಲೇಗಳಲ್ಲಿ ಒಂದರ ಕೊನೆಗೆ, ಅಭ್ಯರ್ಥಿ ತಾವು ಆಗಷ್ಟೇ ನಡೆಸಿದ ಸಂಭಾಷಣೆಯ ಮೂರು ಸಾಲಿನ ಟಿಪ್ಪಣಿಯನ್ನು ತಮ್ಮದೇ ಮಾತಿನಲ್ಲಿ ಬರೆಯಲಿ. ರೋಗಿಯ ಕಾರ್ಡಿನಲ್ಲಿ ಮೂರು ಸಂಗತಿಗಳು ನಿಗದಿಯಾಗಿರಲಿ. ಅವುಗಳಲ್ಲಿ ಒಂದನ್ನು, ಮರುನಿರೂಪಣೆಯ ಬಳಿಕ ಅವಕಾಶ ಸಿಕ್ಕರೆ ಮಾತ್ರ ಪಾತ್ರಧಾರಿ ಹೇಳಲಿ. ಸಂಗತಿಗಳು ಎಲ್ಲರಿಗೂ ಸಮಾನವಾದ್ದರಿಂದ ಹೋಲಿಕೆಗೆ ನೆಲೆ ಸಿಗುತ್ತದೆ. ಧ್ವನಿಮುದ್ರಿಕೆ ಮತ್ತು ಟಿಪ್ಪಣಿ ಎರಡೂ ಕೈಯಲ್ಲಿರುವುದರಿಂದ ಉಳಿದದ್ದು, ಬಿಟ್ಟದ್ದು, ಬದಲಾದದ್ದು ಎಣಿಕೆಗೆ ಸಿಗುತ್ತದೆ. ಈ ಬಗೆಯ ಸಂಯೋಜಿತ ಕಾರ್ಯ ಮೌಲ್ಯಮಾಪನದ ವೆಚ್ಚವನ್ನು ಹೆಚ್ಚಿಸುತ್ತದೆ. ಆ ವೆಚ್ಚದ ಹೊರೆ ಈಗಾಗಲೇ ದುಬಾರಿ ಶುಲ್ಕ ತೆರುತ್ತಿರುವ ಅಭ್ಯರ್ಥಿಗಳ ಮೇಲೆ ಬೀಳಕೂಡದು ಎಂಬುದನ್ನೂ ಸಲಹೆಯ ಭಾಗವಾಗಿಯೇ ಹೇಳಬೇಕು.

ಪರೀಕ್ಷೆ ಬದಲಾಗುವವರೆಗೆ ತರಗತಿ ಕಾಯಬೇಕಾಗಿಲ್ಲ. ಕನ್ನಡದಲ್ಲಿ ರೋಗಿಯೊಬ್ಬರ ಮಾತನ್ನು ಕೇಳಿಸಿ ಇಂಗ್ಲಿಷಿನಲ್ಲಿ ಮೂರು ಸಾಲು ಬರೆಸುವುದು, ಅನಂತರ ಇಂಗ್ಲಿಷಿನ ಉಪಭಾಷೆಯೊಂದರಲ್ಲಿ ಅದನ್ನೇ ಮಾಡಿಸುವುದು, ಎರಡೂ ಟಿಪ್ಪಣಿಗಳಲ್ಲಿ ಏನು ಚೆಲ್ಲಿತು ಎಂದು ಜೊತೆಗೂಡಿ ನೋಡುವುದು ನಮ್ಮಲ್ಲಿ ಇಂದೇ ಸಾಧ್ಯ. ಕರ್ನಾಟಕದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಕನ್ನಡದ ಮಾತು ಇಂಗ್ಲಿಷ್ ಟಿಪ್ಪಣಿಯಾಗುವ ಬಗೆಯನ್ನು, ರೋಗಿಗಳ ಸಮ್ಮತಿ ಮತ್ತು ಗೋಪ್ಯತೆಯ ನಿಯಮಗಳಿಗೆ ಬದ್ಧವಾಗಿ, ವ್ಯವಸ್ಥಿತವಾಗಿ ದಾಖಲಿಸುವ ಸಂಶೋಧನೆ ಅದಕ್ಕೆ ಆಧಾರವಾಗಬೇಕು. ಸಂಶೋಧನಾ ವಿದ್ಯಾರ್ಥಿಗಳು ಗಂಭೀರವಾಗಿ ಪರಿಗಣಿಸಬಹುದಾದ ಕ್ಷೇತ್ರವಿದು. ಶುಶ್ರೂಷಕರಿಗೆ ಇಂಗ್ಲಿಷ್ ಎಂದರೆ ರೋಗಿಯನ್ನು ಏನು ಕೇಳಬೇಕು ಎಂಬುದರ ಪಟ್ಟಿ ಎಂದು ನಾವು ಬಹುಕಾಲ ತಿಳಿದಿದ್ದೇವೆ. ರೋಗಿ ಹೇಳಿದ್ದು ಟಿಪ್ಪಣಿಯಲ್ಲಿ ಉಳಿಯಿತೇ ಎಂಬುದು ಅದಕ್ಕಿಂತ ಕಷ್ಟದ ಪ್ರಶ್ನೆ. ಭಾಷಾವಿಜ್ಞಾನಿಗಳು ಉತ್ತರಿಸಬೇಕಾದ ಪ್ರಶ್ನೆಯೂ ಅದೇ.